ಕಾನೂನು ಕಟ್ಟೆ: ‘ಹಸಿರು ಮನೆ’ ಅಂದರೆ ಸಾಕಾ, ಕಾಗದ ಬೇಡವಾ?

ಈ ಸಲ ನನ್ನ ಮೇಜಿಗೆ ಬಂದ ಪತ್ರಗಳಲ್ಲಿ ಐದಕ್ಕೆ ಒಂದೇ ಬಣ್ಣ. ಹಸಿರು. ಒಬ್ಬರದು ಹಸಿರು ಅಪಾರ್ಟ್‌ಮೆಂಟ್, ಒಬ್ಬರದು ಹಸಿರು ಪೇಂಟ್, ಇನ್ನೊಬ್ಬರದು ಇಕೋ ಹೋಂಸ್ಟೇ. ಒಬ್ಬ ಮೇಷ್ಟ್ರು ಬಿಲ್ಡರ್ ಕೊಟ್ಟ ಬ್ರೋಷರನ್ನೇ ಲಕೋಟೆಯಲ್ಲಿ ಹಾಕಿ ಕಳಿಸಿದ್ದಾರೆ. ದಪ್ಪ ಕಾಗದ, ಎರಡೂ ಕಡೆ ಪ್ಲಾಸ್ಟಿಕ್ ಲ್ಯಾಮಿನೇಷನ್. ಮೇಲೆ ‘ಪರಿಸರ ಸ್ನೇಹಿ ಬದುಕು’ ಅಂತ ದೊಡ್ಡ ಅಕ್ಷರ. ನಮ್ಮ ಗುಮಾಸ್ತ ಅದರ ಮೂಲೆ ಎಳೆದು ನೋಡಿ, ‘ಮೇಡಂ, ಇದನ್ನ ತಿಪ್ಪೆಗೆ ಹಾಕಿದ್ರೂ ಕರಗಲ್ಲ’ ಅಂದ. ಸಾಕ್ಷ್ಯದ ಮೇಲೆ ಕೈ ಹಾಕಬೇಡ ಅಂತ ಗದರಿಸಿ ಕಿತ್ತುಕೊಂಡೆ. ಅದರಿಂದಲೇ ಶುರು ಮಾಡೋಣ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಶಿಕ್ಷಕ. 2022ರಲ್ಲಿ ಹಾಸನದ ಹೊರವಲಯದಲ್ಲಿ 46 ಲಕ್ಷಕ್ಕೆ ಫ್ಲ್ಯಾಟ್ ಬುಕ್ ಮಾಡಿದೆ. ಬ್ರೋಷರಿನಲ್ಲಿ ‘ಐಜಿಬಿಸಿ ಗೋಲ್ಡ್ ಪ್ರೀ-ಸರ್ಟಿಫೈಡ್ ಹಸಿರು ಕಟ್ಟಡ, ನೀರಿನಲ್ಲಿ 40%, ಕರೆಂಟಿನಲ್ಲಿ 30% ಉಳಿತಾಯ’ ಎಂದಿತ್ತು. ಕಳೆದ ದೀಪಾವಳಿಗೆ ಬೀಗದ ಕೈ ಸಿಕ್ಕಿತು. ಸೋಲಾರ್ ಪ್ಯಾನೆಲ್ ಮೆಟ್ಟಿಲ ದೀಪಕ್ಕೆ ಮಾತ್ರ. ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದೆವು. ಗೋಲ್ಡ್ ಸರ್ಟಿಫಿಕೇಟ್ ಎಲ್ಲಿ ಎಂದರೆ ‘ಪ್ರೀ-ಸರ್ಟಿಫಿಕೇಟ್ ಇದೆಯಲ್ಲ ಸಾರ್’ ಎನ್ನುತ್ತಾರೆ. ಅದೇ ಹೋರ್ಡಿಂಗ್ ಈಗಲೂ ರಸ್ತೆಯಲ್ಲಿ ನಿಂತಿದೆ. 24 ಮನೆಯವರೂ ಸೇರಿ ಕೇಸ್ ಹಾಕಬಹುದೇ?

ಮೇಷ್ಟ್ರೇ, ನಿಮಗೆ ಅರ್ಥವಾಗುವ ಹಾಗೆ ಹೇಳುತ್ತೇನೆ. ಪ್ರೀ-ಸರ್ಟಿಫಿಕೇಟ್ ಅಂದರೆ ಪಾಠದ ಯೋಜನೆಗೆ ಸಿಕ್ಕ ಸಹಿ. ಸರ್ಟಿಫಿಕೇಟ್ ಅಂದರೆ ಮಕ್ಕಳು ಪರೀಕ್ಷೆ ಬರೆದ ಮೇಲೆ ಬಂದ ಫಲಿತಾಂಶ. ಐಜಿಬಿಸಿ ಎಂಬುದು ಭಾರತೀಯ ಹಸಿರು ಕಟ್ಟಡ ಮಂಡಳಿ. ಉದ್ಯಮಿಗಳ ಒಕ್ಕೂಟವಾದ ಸಿಐಐ 2001ರಲ್ಲಿ ಶುರು ಮಾಡಿದ್ದು, ಹೈದರಾಬಾದಿನಲ್ಲಿದೆ. ಸರ್ಕಾರಿ ಇಲಾಖೆ ಅಲ್ಲ. ಅಲ್ಲಿ ಮೊದಲು ಯೋಜನೆಯನ್ನು ನೋಂದಾಯಿಸುತ್ತಾರೆ. ಆಮೇಲೆ ನಕ್ಷೆ ಮತ್ತು ವಿನ್ಯಾಸ ನೋಡಿ ಪ್ರೀ-ಸರ್ಟಿಫಿಕೇಟ್ ಕೊಡಬಹುದು. ಕಟ್ಟಡ ಮುಗಿದ ಮೇಲೆ ಬಿಲ್ಲು, ಫೋಟೋ, ಲೆಕ್ಕ ಎಲ್ಲ ಕೊಟ್ಟರೆ ನಿಜವಾದ ಸರ್ಟಿಫಿಕೇಟ್ ಬರುತ್ತದೆ. ಅದರಲ್ಲೂ ಬರೀ ಸರ್ಟಿಫೈಡ್, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೆಟ್ಟಿಲುಗಳಿವೆ. ಗ್ರಿಹ ಅಂತ ಇನ್ನೊಂದು ಹಸಿರು ಕಟ್ಟಡದ ದರ್ಜೆ ಇದೆ. ಟೆರಿ ಎಂಬ ಇಂಧನ ಸಂಶೋಧನಾ ಸಂಸ್ಥೆ ಮತ್ತು ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯ ಸೇರಿ ತಂದದ್ದು, ಒಂದರಿಂದ ಐದು ನಕ್ಷತ್ರ ಕೊಡುತ್ತದೆ. ಫ್ರಿಜ್ ಮೇಲೆ ಕರೆಂಟ್ ಉಳಿತಾಯ ತೋರಿಸುವ ಬಿಇಇ ನಕ್ಷತ್ರ ಬೇರೆ. ಈ ಎರಡನ್ನು ಕಲಸಿ ‘ಫೈವ್ ಸ್ಟಾರ್ ಮನೆ’ ಅಂತ ಮಾರಿದವರನ್ನೂ ನಾನು ಕಂಡಿದ್ದೇನೆ.

ಹಾಗಾಗಿ ನಿಮ್ಮ ಬಿಲ್ಡರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಅರ್ಧ ನಿಜ. ಕೋರ್ಟಿನಲ್ಲಿ ಪೂರ್ತಿ ಸುಳ್ಳಿಗಿಂತ ಅರ್ಧ ನಿಜ ಜಾಸ್ತಿ ಕಾಟ ಕೊಡುತ್ತದೆ. ‘ಗೋಲ್ಡ್’ ದೊಡ್ಡದಾಗಿದೆ, ‘ಪ್ರೀ’ ಚಿಕ್ಕದಾಗಿದೆ. ನಾನು ಸ್ಕೇಲ್ ಇಟ್ಟು ಅಳೆದೆ. ‘ಗೋಲ್ಡ್’ ಒಂದೂವರೆ ಸೆಂಟಿಮೀಟರ್, ‘ಪ್ರೀ’ ಮೂರು ಮಿಲಿಮೀಟರ್. ಕೆಳಗಡೆ ‘ಇವು ಅಂದಾಜು ಮಾತ್ರ, ಬದಲಾಗಬಹುದು’ ಎಂಬ ಸಾಲು ಇದೆ. ಬ್ರೋಷರ್ ಪೂರ್ತಿ ಕನ್ನಡದಲ್ಲಿ, ಆ ಸಾಲು ಮಾತ್ರ ಇಂಗ್ಲಿಷಿನಲ್ಲಿ! ಇದು ನಿಮಗೆ ಲಾಭ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ಮಾರ್ಗಸೂಚಿ ತಂದಿತು. ಷರತ್ತಿನ ಸಾಲು ಜಾಹೀರಾತು ಇರುವ ಭಾಷೆಯಲ್ಲೇ ಇರಬೇಕು, ಅಕ್ಷರ ಅದೇ ಥರ ಇರಬೇಕು, ಮುಖ್ಯ ಮಾತಿಗೆ ಉಲ್ಟಾ ಹೊಡೆಯಬಾರದು ಅಂತ ಅದರಲ್ಲಿದೆ. ಬ್ರೋಷರ್ ಆ ಜೂನ್‌ಗೆ ಮುಂಚೆ ಅಚ್ಚಾಯಿತೋ ಆಮೇಲೋ ಅಂತ ನೋಡಿಕೊಳ್ಳಿ. ಬುಕಿಂಗ್ ರಸೀತಿಯ ತಾರೀಕು ಇದಕ್ಕೆ ಸಹಾಯಕ್ಕೆ ಬರುತ್ತದೆ.

2024ರ ಅಕ್ಟೋಬರ್ 15ರಂದು ಅದೇ ಪ್ರಾಧಿಕಾರ ಇನ್ನೊಂದು ಮಾರ್ಗಸೂಚಿ ತಂದಿದೆ. ಇದು ಗ್ರೀನ್‌ವಾಷಿಂಗ್ ತಡೆಗೆಂದೇ ಬಂದದ್ದು. ಪರಿಸರಕ್ಕೆ ಒಳ್ಳೆಯದು ಅಂತ ಸುಳ್ಳೇ ತೋರಿಸುವುದಕ್ಕೆ, ಸುಣ್ಣದ ಬದಲು ಹಸಿರು ಬಳಿಯುವ ಕೆಲಸಕ್ಕೆ, ಈ ಹೆಸರು. ‘ಗ್ರೀನ್’, ‘ಇಕೋ ಫ್ರೆಂಡ್ಲಿ’, ‘ಸಸ್ಟೇನಬಲ್’, ‘ಕಾರ್ಬನ್ ನ್ಯೂಟ್ರಲ್’, ‘ನ್ಯಾಚುರಲ್’ ಇಂಥ ಮಾತು ಸುಮ್ನೆ ಹಾಕುವ ಹಾಗಿಲ್ಲ. ಯಾವ ಅರ್ಥದಲ್ಲಿ ಹಸಿರು ಅಂತ ವಿವರ ಕೊಡಬೇಕು, ಆಧಾರ ತೋರಿಸಬೇಕು. ಮುಂದೆ ಮಾಡುತ್ತೇವೆ ಎಂಬ ಮಾತಾದರೆ ಹೇಗೆ ಮಾಡುತ್ತೇವೆ ಎಂಬ ಸ್ಪಷ್ಟ ಯೋಜನೆ ಕೈಯಲ್ಲಿರಬೇಕು. 2022ರ ಬ್ರೋಷರಿಗೆ ಇದನ್ನು ಹಿಂದಕ್ಕೆ ಎಳೆದು ಹಾಕಲಾಗದು. ಆದರೆ ಹೋರ್ಡಿಂಗ್ ಈಗಲೂ ನಿಂತಿದೆ ಅಂದಿರಲ್ಲ, ಅದಕ್ಕೆ ಖಂಡಿತ ಹಾಕಬಹುದು. ಇವತ್ತೇ ಹೋಗಿ ಫೋಟೋ ತೆಗೆದಿಡಿ. ಕೈಯಲ್ಲಿ ಆ ದಿನದ ಪೇಪರ್ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತರೂ ಆಯಿತು. ಹಳೇ ಉಪಾಯ, ಈಗಲೂ ನಡೆಯುತ್ತದೆ. ಆ ಫೋಟೋ ಇಟ್ಟು ಜಿಲ್ಲಾಧಿಕಾರಿಗೆ ಬರೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 17ನೇ ಕಲಂ ಪ್ರಕಾರ ಸುಳ್ಳು ಜಾಹೀರಾತಿನ ದೂರನ್ನು ಡಿ.ಸಿ.ಗೂ ಕೊಡಬಹುದು. ಪ್ರಾಧಿಕಾರ ಮೊದಲ ತಪ್ಪಿಗೆ 10 ಲಕ್ಷದವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಆ ದಂಡ ನಿಮ್ಮ ಜೇಬಿಗೆ ಬರುವುದಿಲ್ಲ ಅನ್ನುವುದು ಮಾತ್ರ ನೆನಪಿರಲಿ.

ನಿಮ್ಮ ಹಣದ ವಿಷಯಕ್ಕೆ ಎರಡು ಬಾಗಿಲು. ಒಂದು ರೇರಾ, ಅಂದರೆ ಮನೆ-ನಿವೇಶನ ಕಟ್ಟಿ ಮಾರುವವರನ್ನು ನಿಯಂತ್ರಿಸುವ ಕಾಯ್ದೆ. ಜಾಹೀರಾತು, ಬ್ರೋಷರ್ ನಂಬಿ ಹಣ ಕೊಟ್ಟು ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು ಎಂದು ಅದರ 12ನೇ ಕಲಂ ಹೇಳುತ್ತದೆ. ಮನೆಯೇ ಬೇಡ ಅಂದರೆ ಪೂರ್ತಿ ಹಣ ಬಡ್ಡಿ ಸಮೇತ ವಾಪಸ್ ಕೇಳಬಹುದು. ಇನ್ನೊಂದು ನಮ್ಮ ಜಿಲ್ಲಾ ಗ್ರಾಹಕರ ಆಯೋಗ. ಕೊಟ್ಟ ಹಣ 50 ಲಕ್ಷದೊಳಗಿದ್ದರೆ ಅಲ್ಲಿಗೆ ಹೋಗಬಹುದು, ನಿಮ್ಮದು 46. ಶುಲ್ಕ ಸಾವಿರ ರೂಪಾಯಿ. ಎರಡೂ ಕಡೆ ಒಟ್ಟಿಗೆ ಕಾಲಿಡಬೇಡಿ, ಒಂದನ್ನು ಆರಿಸಿ. ರೇರಾ ಇದ್ದರೂ ಗ್ರಾಹಕರ ಆಯೋಗಕ್ಕೆ ಹೋಗುವ ಹಕ್ಕು ಹೋಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಇಂಪೀರಿಯಾ ಸ್ಟ್ರಕ್ಚರ್ಸ್ ಕೇಸಿನಲ್ಲಿ ಹೇಳಿದೆ. ಬಿಲ್ಡರ್ ಕಡೆಯ ವಕೀಲರು ಆ ಆಕ್ಷೇಪ ಎತ್ತಿದರೆ ಇದನ್ನು ತೋರಿಸಿ.

24 ಮನೆಯವರು ಸೇರಿ ಒಂದೇ ದೂರು ಹಾಕುವ ಆಸೆ ಚೆನ್ನಾಗಿದೆ. ಆದರೆ ಆಗ ಎಲ್ಲರೂ ಕೊಟ್ಟ ಹಣವನ್ನು ಕೂಡಿಸಿ ಲೆಕ್ಕ ಹಾಕುತ್ತಾರೆ. ಒಬ್ಬೊಬ್ಬರದು 46 ಲಕ್ಷ ಅಂದುಕೊಂಡರೂ 11 ಕೋಟಿ ದಾಟಿತು. ಎರಡು ಕೋಟಿ ದಾಟಿದರೆ ದೆಹಲಿಯ ರಾಷ್ಟ್ರೀಯ ಆಯೋಗ. ಹಾಸನದಲ್ಲಿ ಮುಗಿಯುವ ಕೆಲಸಕ್ಕೆ ದೆಹಲಿ ರೈಲು ಯಾಕೆ? ಬೇರೆ ಬೇರೆ ದೂರು ಹಾಕಿ, ಒಟ್ಟಿಗೆ ವಿಚಾರಣೆ ಮಾಡಿ ಅಂತ ಕೇಳಿಕೊಳ್ಳಿ. ಗಡುವು ಎರಡು ವರ್ಷ. ಬಿಲ್ಡರಿಗೆ ಪತ್ರ ಬರೆಯುತ್ತಾ ಕೂತರೆ ಗಡುವು ನಿಲ್ಲುವುದಿಲ್ಲ. ‘ನೋಡೋಣ ಸಾರ್, ಮುಂದಿನ ತಿಂಗಳು’ ಅನ್ನುವವರು ಈ ಎರಡು ವರ್ಷವನ್ನೇ ಕಾಯುತ್ತಿರುತ್ತಾರೆ.

ಇನ್ನು ಆ 40%, 30%. ಯಾವುದಕ್ಕೆ ಹೋಲಿಸಿ? ಇದನ್ನೇ ಮೊದಲು ಲಿಖಿತವಾಗಿ ಕೇಳಿ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ತನ್ನ ಹಸಿರು ಮಾರ್ಗಸೂಚಿಯಲ್ಲಿ ಒಂದು ಉದಾಹರಣೆ ಕೊಡುತ್ತದೆ. ಒಂದು ಜಮಖಾನೆಯ ಮೇಲೆ ‘ಮೊದಲಿಗಿಂತ 50% ಜಾಸ್ತಿ ಮರುಬಳಕೆಯ ನೂಲು’ ಎಂದಿದೆ. ಮೊದಲು ಇದ್ದದ್ದು 2%, ಈಗ 3%. ಲೆಕ್ಕ ಸರಿ, ಆದರೆ ಕೊಳ್ಳುವವರಿಗೆ ಮೋಸ. ನಿಮ್ಮ 30%ರ ಬುಡವೂ ಹೀಗೇ ಇರಬಹುದು. ಚೆಸ್ಕಾಂ ಕರೆಂಟ್ ಬಿಲ್ಲು, ಟ್ಯಾಂಕರ್ ರಸೀತಿ ಎಲ್ಲ ತಿಂಗಳವಾರು ಜೋಡಿಸಿಡಿ.

ಕೊನೆಗೆ ಒಂದು ಅನುಮಾನ. ನಿಮ್ಮ ಮಾರಾಟದ ಕರಾರಿನಲ್ಲಿ ‘ಗೋಲ್ಡ್’ ಎಂಬ ಪದ ಇದೆಯಾ? ನೀವು ಕಳಿಸಿದ ಪುಟಗಳಲ್ಲಿ ನನಗೆ ಕಾಣಲಿಲ್ಲ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಹೀಗೇ ಆಗಿತ್ತು. ಅಲ್ಲಿ ಕ್ರಿಸ್‌ಫೀಲ್ಡ್ ಎಂಬ ಊರಿನ ಅಪಾರ್ಟ್‌ಮೆಂಟಿಗೆ ಲೀಡ್ ಎಂಬ ಅಲ್ಲಿನ ಹಸಿರು ಕಟ್ಟಡ ಪದ್ಧತಿಯ ಸಿಲ್ವರ್ ದರ್ಜೆ ಬರಬೇಕಿತ್ತು, ಬರಲಿಲ್ಲ. ಅದರಿಂದ 6,35,000 ಡಾಲರ್ ತೆರಿಗೆ ರಿಯಾಯಿತಿ ಕೈತಪ್ಪಿತು. ಕಟ್ಟಿಸಿದ ಶಾ ಡೆವಲಪ್‌ಮೆಂಟ್ ಮತ್ತು ಕಟ್ಟಿದ ಸದರ್ನ್ ಬಿಲ್ಡರ್ಸ್ ನಡುವೆ ಕೇಸಾಯಿತು. ಕಟ್ಟಡ ಸಿಲ್ವರ್ ದರ್ಜೆಗೆ ತಕ್ಕಂತೆ ವಿನ್ಯಾಸವಾಗಿದೆ ಅಂತ ಕಾಗದದಲ್ಲಿತ್ತು. ಅದನ್ನು ತಂದುಕೊಡುವ ಹೊಣೆ ಯಾರದ್ದು ಅಂತ ಬರೆದಿರಲಿಲ್ಲ. ಕೊನೆಗೆ ಹೊರಗಡೆಯೇ ರಾಜಿಯಾಯಿತು. ನಿಮ್ಮ ಕರಾರಿನಲ್ಲಿ ಆ ಪದ ಇಲ್ಲದಿದ್ದರೂ ಕೇಸ್ ಬೀಳುವುದಿಲ್ಲ. 12ನೇ ಕಲಂ ಬ್ರೋಷರಿಗೇ ಅನ್ವಯಿಸುತ್ತದೆ. ಅದಕ್ಕೇ ಆ ಲ್ಯಾಮಿನೇಟೆಡ್ ಹಾಳೆ ನಿಮ್ಮ ಚಿನ್ನ. ಪೂರ್ತಿ 46 ಲಕ್ಷ ಬಂದುಬಿಡುತ್ತದೆ ಎಂಬ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. ಮನೆ ಇಟ್ಟುಕೊಂಡು ಕೇಳುವವರಿಗೆ ಸಿಗುವುದು ಆಗಿರುವ ನಷ್ಟಕ್ಕೆ ಪರಿಹಾರ.

ಪ್ರಶ್ನೆ: ಅರಸೀಕೆರೆಯಲ್ಲಿ ನಮ್ಮ ಮನೆಗೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಿದೆವು. ‘ಜೀವನಪೂರ್ತಿ ಝೀರೋ ಬಿಲ್, ಕರೆಂಟ್ ಹೋಗೋ ಮಾತೇ ಇಲ್ಲ’ ಎಂದು ಪಾಂಪ್ಲೆಟ್ ಇತ್ತು. ಬಿಲ್ ಬರುತ್ತಿದೆ, ಕರೆಂಟೂ ಹೋಗುತ್ತಿದೆ. ಮೋಸ ಅಲ್ಲವೇ?

ಅಣ್ಣಾ, ಎರಡನೆಯದು ಮೋಸವೇ. ಬ್ಯಾಟರಿ ಇಲ್ಲದ ಸೋಲಾರ್ ಲೈನಿಗೆ ಜೋಡಿಸಿದ್ದು. ಲೈನಿನಲ್ಲಿ ಕರೆಂಟ್ ಹೋದರೆ ಅದೂ ತಾನಾಗಿ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಅಂತ ಹಾಗೆ ಮಾಡಿರುತ್ತಾರೆ. ಮಾರುವವನಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ.

ಬಿಲ್ಲಿನ ವಿಷಯ ಹೀಗೆ. ಒಂದು ಕಿಲೋವ್ಯಾಟಿಗೆ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್, ನಿಮಗೆ 12. ಮಳೆಗಾಲದಲ್ಲಿ ಇಳಿಯುತ್ತದೆ. ನೀವು ಬಳಸಿದ್ದು ಅದಕ್ಕಿಂತ ಕಡಿಮೆ ಇದ್ದರೂ ನಿಗದಿತ ಶುಲ್ಕ ಬಿಲ್ಲಿನಲ್ಲಿ ಇದ್ದೇ ಇರುತ್ತದೆ. ‘ಝೀರೋ’ ಅನ್ನುವುದನ್ನು ಅಲ್ಲೇ ಹಿಡಿಯಬಹುದು. ಪಿಎಂ ಸೂರ್ಯ ಘರ್ ಯೋಜನೆಯ 78,000 ರೂಪಾಯಿ ಸಬ್ಸಿಡಿ ನಿಮ್ಮ ಬ್ಯಾಂಕ್ ಖಾತೆಗೆ ಬಂತಾ ನೋಡಿ. ಅದು ಸರ್ಕಾರದ ಹಣ. ಅದನ್ನೇ ‘ನಮ್ಮ ಕಂಪನಿಯ ಡಿಸ್ಕೌಂಟ್’ ಅಂತ ಬಿಲ್ಲಿನಲ್ಲಿ ತೋರಿಸಿದ್ದರೆ ಆ ಬಿಲ್ಲಿನ ನಕಲು ನನಗೆ ಕಳಿಸಿ. 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಬಹಳಷ್ಟು ಕಂಪನಿಗಳು ಅಲ್ಲೇ ಬಗ್ಗುತ್ತವೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಸಣ್ಣ ಮನೆ. ಅತ್ತೆಗೆ ಉಬ್ಬಸ ಇದೆ ಅಂತ ಜಾಸ್ತಿ ದುಡ್ಡು ಕೊಟ್ಟು ‘ಝೀರೋ ವಿಓಸಿ, ವಾಸನೆ ಇಲ್ಲ’ ಎಂಬ ಪೇಂಟ್ ಹೊಡೆಸಿದೆವು. ಹತ್ತು ದಿನ ವಾಸನೆ ಹೋಗಲಿಲ್ಲ. ಅತ್ತೆಯನ್ನು ನಾದಿನಿ ಮನೆಗೆ ಕಳಿಸಬೇಕಾಯಿತು. ಅಂಗಡಿಯವರು ‘ಡಬ್ಬದ ಮೇಲೆ ಬರೆದಿದೆ, ನಮಗೇನು ಗೊತ್ತು’ ಎನ್ನುತ್ತಾರೆ.

ಅಮ್ಮ, ಬಣ್ಣ ಯಾವುದು ಹಾಕಿಸಿದಿರಿ? ನೀವು ಬರೆದಿಲ್ಲ, ಆದರೆ ನನಗೆ ಅದೇ ಮುಖ್ಯ. ವಿಓಸಿ ಅಂದರೆ ಪೇಂಟ್ ಒಣಗುವಾಗ ಗಾಳಿಗೆ ಸೇರುವ ರಾಸಾಯನಿಕ. ಅಂಗಡಿಯಲ್ಲಿ ಡಬ್ಬದಲ್ಲಿ ಬರುವುದು ಬಿಳಿ ಬೇಸ್. ನೀವು ಕ್ಯಾಟಲಾಗಿನಲ್ಲಿ ತೋರಿಸಿದ ಬಣ್ಣವನ್ನು ಮೆಷಿನ್ನಿನಿಂದ ಅದಕ್ಕೆ ಸೇರಿಸುತ್ತಾರೆ. ‘ಝೀರೋ’ ಇರುವುದು ಆ ಬೇಸ್‌ಗೆ. ಸೇರಿಸಿದ ಬಣ್ಣಕ್ಕೆ ಇರಲೇಬೇಕು ಅಂತಿಲ್ಲ. ಕಡು ಬಣ್ಣವಾದಷ್ಟೂ ಅದು ಜಾಸ್ತಿ ಬೇಕಾಗುತ್ತದೆ.

ಇದು ನನ್ನ ಊಹೆಯಲ್ಲ. 2012ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಶರ್ವಿನ್ ವಿಲಿಯಮ್ಸ್ ಮತ್ತು ಪಿಪಿಜಿ ಎಂಬ ಎರಡು ದೊಡ್ಡ ಪೇಂಟ್ ಕಂಪನಿಗಳನ್ನು ಇದೇ ಕಾರಣಕ್ಕೆ ಹಿಡಿಯಿತು. ಬೇಸ್‌ಗೆ ಮಾತ್ರ ನಿಜವಾದ ‘ಝೀರೋ’ವನ್ನು ಬಣ್ಣ ಬೆರೆಸಿದ ಪೇಂಟಿಗೂ ನಿಜ ಅನ್ನುವ ಹಾಗೆ ಜಾಹೀರಾತು ಮಾಡಿದ್ದೀರಿ ಎಂಬುದು ಆಕ್ಷೇಪ. ಎರಡೂ ಕಂಪನಿ ರಾಜಿಗೆ ಬಂದು ಆ ಮಾತು ಬಿಟ್ಟವು. ನಮ್ಮ 2024ರ ಮಾರ್ಗಸೂಚಿಯೂ ಇದನ್ನೇ ಕೇಳುತ್ತದೆ. ಹಸಿರು ಮಾತು ಇಡೀ ವಸ್ತುವಿಗೋ, ಅದರ ಒಂದು ಭಾಗಕ್ಕೋ, ಬರೀ ಡಬ್ಬಕ್ಕೋ ಅಂತ ಬಿಡಿಸಿ ಹೇಳಬೇಕು.

ಕೇಸ್ ಹಾಕುವ ಮೊದಲು ಪೇಂಟರನ್ನು ಕೂರಿಸಿ ಕಾಫಿ ಕೊಟ್ಟು ನಿಧಾನಕ್ಕೆ ಕೇಳಿ. ಟರ್ಪೆಂಟೈನ್ ಬೆರೆಸಿದನಾ? ಕೆಳಗೆ ಹೊಡೆದ ಪ್ರೈಮರ್, ಪುಟ್ಟಿ ಯಾವುದು? ಬಾಗಿಲು ಕಿಟಕಿಗೆ ಎನಾಮೆಲ್ ಹೊಡೆದನಾ? ಎನಾಮೆಲ್ ಹೊಡೆದಿದ್ದರೆ ಆ ಹತ್ತು ದಿನದ ವಾಸನೆ ಅದರದ್ದೇ ಇರಬಹುದು, ಆಗ ಗೋಡೆಯ ಪೇಂಟ್ ಮೇಲಿನ ಕೇಸ್ ನಿಲ್ಲುವುದಿಲ್ಲ. ಅವನು ಏನೂ ಬೆರೆಸಿಲ್ಲ ಅಂದರೆ ಡಬ್ಬ ಎಸೆಯಬೇಡಿ. ಬ್ಯಾಚ್ ನಂಬರ್, ಬಣ್ಣದ ಕೋಡ್ ಅಂಟಿಸಿದ ಚೀಟಿ, ಬಿಲ್, ಅತ್ತೆಯವರ ಡಾಕ್ಟರ್ ಚೀಟಿ ಎಲ್ಲ ಒಂದು ಕವರಿಗೆ ಹಾಕಿಡಿ. ಕಂಪನಿ ಮುಂಬೈಯಲ್ಲಿದ್ದರೂ ನೀವು ವಾಸ ಇರುವ ಚಿಕ್ಕಮಗಳೂರಿನ ಆಯೋಗದಲ್ಲೇ ದೂರು ಕೊಡಬಹುದು. 2019ರ ಕಾಯ್ದೆ ಕೊಟ್ಟ ಒಳ್ಳೇ ಅನುಕೂಲ ಅದು. 5 ಲಕ್ಷದವರೆಗೆ ಶುಲ್ಕವೂ ಇಲ್ಲ. ಅಂಗಡಿಯವರನ್ನು ಎರಡನೇ ಎದುರುದಾರರನ್ನಾಗಿ ಮಾಡಿ. ಮೆಷಿನ್ನಿನಲ್ಲಿ ಬಣ್ಣ ಬೆರೆಸಿದ್ದು ಅವರೇ ಅಲ್ವಾ, ಗೊತ್ತಿಲ್ಲ ಅಂದರೆ ಹೇಗೆ?

ಇನ್ನೊಂದು ಮಾತು. ವಾಸನೆ ಇಲ್ಲ ಅಂದರೆ ವಿಷ ಇಲ್ಲ ಅಂತಲ್ಲ. ಸೀಸಕ್ಕೆ ವಾಸನೆಯೇ ಇಲ್ಲ. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ 90 ಭಾಗ, ದಾಟಬಾರದು ಎಂಬ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಮುಂದಿನ ಸಲ ಡಬ್ಬದ ಮೇಲೆ ಆ ಸಾಲು ಹುಡುಕಿ.

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮ ತೋಟದಲ್ಲಿ ನಾಲ್ಕು ಕೋಣೆಯ ಹೋಂಸ್ಟೇ ಇದೆ. ಬೋರ್ಡಿನಲ್ಲೂ ಇನ್‌ಸ್ಟಾಗ್ರಾಮಿನಲ್ಲೂ ‘100% ಇಕೋ ಫ್ರೆಂಡ್ಲಿ, ಸಾವಯವ ಕಾಫಿ, ಪ್ಲಾಸ್ಟಿಕ್ ಮುಕ್ತ’ ಅಂತ ಹಾಕಿದ್ದೇವೆ. ಎಲ್ಲರೂ ಹಾಕುತ್ತಾರೆ. ನಮ್ಮಂಥ ಸಣ್ಣವರಿಗೂ ನೋಟಿಸ್ ಬರುತ್ತದಾ?

ಬರಬಹುದು. ಮಾರ್ಗಸೂಚಿಯಲ್ಲಿ ಸೇವೆ ಕೊಡುವವರು, ಜಾಹೀರಾತು ಏಜೆನ್ಸಿ, ಪ್ರಚಾರ ಮಾಡುವವರು ಎಲ್ಲ ಸೇರಿದ್ದಾರೆ. ಇಷ್ಟು ಕೋಣೆಗಿಂತ ಕಡಿಮೆ ಇದ್ದರೆ ಮಾಫಿ ಅಂತ ಎಲ್ಲೂ ಇಲ್ಲ. ‘ಎಲ್ಲರೂ ಹಾಕುತ್ತಾರೆ’ ಎಂಬ ವಾದವನ್ನು ನಾನು ಕೋರ್ಟಿನಲ್ಲಿ ಬಹಳ ಸಲ ಕೇಳಿದ್ದೇನೆ. ಗೆದ್ದದ್ದು ಒಂದು ಸಲವೂ ನೋಡಿಲ್ಲ.

ಆದರೆ ಹೆದರುವುದು ಬೇಡ. ಹಸಿರು ಬಣ್ಣದ ಬೋರ್ಡ್, ಕಾಫಿ ಎಲೆಯ ಚಿತ್ರ, ‘ಸ್ವರ್ಗಕ್ಕೆ ಮೂರೇ ಗೇಣು’ ಇಂಥದ್ದಕ್ಕೆ ಯಾರೂ ಕೇಳುವುದಿಲ್ಲ. ಕೇಳುಗರಿಗೇ ಉತ್ಪ್ರೇಕ್ಷೆ ಅಂತ ಗೊತ್ತಾಗುವ ಮಾತನ್ನು, ಮೋಸ ಇಲ್ಲದ ಬಣ್ಣ, ಚಿತ್ರಗಳನ್ನು ಮಾರ್ಗಸೂಚಿ ಹೊರಗಿಟ್ಟಿದೆ. ತೊಂದರೆ ಇರುವುದು ನಿಮ್ಮ ಮೂರು ಮಾತಿನಲ್ಲಿ.

‘ಸಾವಯವ ಕಾಫಿ’ ಮೊದಲು ತೆಗೆಯೋಣ. ನೀವು ಗೊಬ್ಬರದ ಚೀಲ ತರುವುದು ನಿಲ್ಲಿಸಿ ಎರಡು ವರ್ಷವಾಯಿತು ಎಂದು ಕೆಳಗಡೆ ಬರೆದಿದ್ದೀರಿ. ಸಂತೋಷ. ಆದರೆ ಸಾವಯವ ಎಂದು ಲೇಬಲ್ ಹಾಕಿ ಮಾರಲು ಎನ್‌ಪಿಒಪಿ ಅಥವಾ ಪಿಜಿಎಸ್-ಇಂಡಿಯಾ ಎಂಬ ಸರ್ಕಾರಿ ಸಾವಯವ ಪದ್ಧತಿಗಳ ಪ್ರಮಾಣಪತ್ರ ಬೇಕು, ‘ಜೈವಿಕ್ ಭಾರತ್’ ಗುರುತು ಬೇಕು. 2017ರ ಆಹಾರ ಸುರಕ್ಷತಾ ನಿಯಮ ಇದು. ತೋಟದಿಂದ ನೇರವಾಗಿ ಗಿರಾಕಿಗೆ ಮಾರುವ ಸಣ್ಣ ಬೆಳೆಗಾರರಿಗೆ ಸ್ವಲ್ಪ ವಿನಾಯಿತಿ ಇದೆ, ಆದರೆ ಅವರು ಆ ಗುರುತು ಬಳಸುವ ಹಾಗಿಲ್ಲ. ಪಕ್ಕದ ತೋಟದ ಸ್ಪ್ರೇ ಗಾಳಿಯಲ್ಲಿ ಬಂದು ನಿಮ್ಮ ಗಿಡದ ಮೇಲೆ ಕೂತರೆ ನಿಮ್ಮ ಮಾತು ಏನಾಗುತ್ತದೆ ಎಂಬುದನ್ನೂ ಯೋಚಿಸಿ.

‘ಪ್ಲಾಸ್ಟಿಕ್ ಮುಕ್ತ’ ಎಂದಿದ್ದೀರಿ. ಕೋಣೆಯಲ್ಲಿ ನೀರಿನ ಬಾಟಲಿ ಇಡುತ್ತೀರಾ? ಶಾಂಪೂ ಸ್ಯಾಶೆ? ಕಸದ ಬುಟ್ಟಿಗೆ ಹಾಕುವ ‘ಕಾಂಪೋಸ್ಟೆಬಲ್’ (ಗೊಬ್ಬರವಾಗುವ) ಕವರಿನ ಮೇಲೆ ಅದರ ಭಾರತೀಯ ಮಾನಕವಾದ ಐಎಸ್ 17088 ನಂಬರೂ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ವಿವರವೂ ಇದೆಯಾ? ಇಲ್ಲದಿದ್ದರೆ ಅದು ಬರೀ ಹಸಿರು ಬಣ್ಣದ ಪ್ಲಾಸ್ಟಿಕ್. ಸಂತೆಯಲ್ಲಿ ಕೊಡುವ ಕವರು ಬಹಳಷ್ಟು ಹೀಗೇ ಇರುತ್ತವೆ. ನೀವೂ ಮೋಸ ಹೋಗಿರುತ್ತೀರಿ, ಗಿರಾಕಿಗೂ ಅದನ್ನೇ ದಾಟಿಸುತ್ತೀರಿ.

‘100% ಇಕೋ ಫ್ರೆಂಡ್ಲಿ’ ಅನ್ನುವುದನ್ನು ಇವತ್ತೇ ಅಳಿಸಿ. ಅದರ ಬದಲು ಬೋರ್ಡಿನಲ್ಲಿ ಏನು ಬರೆಯಬಹುದು? ನಿಮ್ಮ ಪತ್ರದಲ್ಲೇ ಇದೆ, ನಾನು ಎತ್ತಿ ಬರೆಯುತ್ತೇನೆ: ‘ಸ್ನಾನಕ್ಕೆ ಸೋಲಾರ್ ಬಿಸಿನೀರು, ಮೋಡದ ದಿನ ಹಂಡೆ ಒಲೆ. ಊಟ ಬಾಳೆಲೆಯಲ್ಲಿ. ಬಚ್ಚಲ ನೀರು ತೋಟದ ಬಾಳೆಗೆ. ಹಳೇ ಮನೆಯ ಹಂಚು, ತೊಲೆ ಬಳಸಿ ಕಟ್ಟಿದ ಕೋಣೆ.’ ಇದರಲ್ಲಿ ಒಂದೂ ಸುಳ್ಳಿಲ್ಲ, ಬಂದವರು ನೋಡಿ ತಿಳಿಯಬಹುದು. ನನ್ನ ಕೇಳಿದರೆ ಇದೇ ಜಾಸ್ತಿ ಗಿರಾಕಿ ತರುತ್ತದೆ. ಹಂಡೆ ನೀರು ಅಂದರೆ ಬೆಂಗಳೂರಿನವರು ಓಡಿ ಬರುತ್ತಾರೆ.

ರೀಲ್ಸ್ ಮಾಡಲು ಬರುವ ಹುಡುಗ ಹುಡುಗಿಯರಿಗೂ ಇದೇ ವಾಕ್ಯ ಕೊಡಿ. ಪ್ರಚಾರ ಮಾಡುವವರು ಸುಳ್ಳು ಹೇಳಿದರೆ ಅವರಿಗೂ ದಂಡ, ಒಂದು ವರ್ಷದವರೆಗೆ ಬೇರೆ ಪ್ರಚಾರ ಮಾಡದಂತೆ ತಡೆ. ಇದೆಲ್ಲಕ್ಕಿಂತ ಮೊದಲು ಇನ್ನೊಂದು ನೋಡಿಕೊಳ್ಳಿ. ಕೋಣೆ ಕಟ್ಟಿದ ಜಾಗ ಭೂಪರಿವರ್ತನೆ ಆಗಿದೆಯಾ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಇದೆಯಾ? ಆ ಕಾಗದ ಇಲ್ಲದೆ ಕಟ್ಟಿದ ‘ಇಕೋ’ ಕೋಣೆಯನ್ನು ಸಮರ್ಥಿಸಿಕೊಳ್ಳುವುದು ನನ್ನಂಥ ವಕೀಲಳಿಗೂ ಕಷ್ಟ.

ಪ್ರಶ್ನೆ: ಆಲ್ದೂರಿನ ಬಳಿ ಮನೆ ಕಟ್ಟುತ್ತಿದ್ದೇವೆ. ಕಂಟ್ರಾಕ್ಟರ್ ‘ಮಡ್ ಬ್ಲಾಕಿನ ಕಾರ್ಬನ್ ನ್ಯೂಟ್ರಲ್ ಮನೆ’ ಎಂದು ಕರಾರು ಕಳಿಸಿದ್ದಾರೆ. ಸಹಿ ಹಾಕುವ ಮೊದಲು ಏನು ನೋಡಬೇಕು?

ಸಹಿ ಹಾಕುವ ಮೊದಲು ಕೇಳಿದ್ದೀರಲ್ಲ, ನಿಮ್ಮ ಬಾಯಿಗೆ ಸಕ್ಕರೆ ಹಾಕಬೇಕು. ನಾನು ಕೇಳಿರಲಿಲ್ಲ.

2011ರಲ್ಲಿ ಸಾಲಗಾಮೆ ರಸ್ತೆಯ ಕಡೆ ನಮ್ಮ ಮನೆ ಕಟ್ಟಿಸಿದೆ. ಮಣ್ಣಿನ ಇಟ್ಟಿಗೆ, ಸುಡುವ ಗೊಡವೆ ಇಲ್ಲ, ಕಟ್ಟಿಗೆ ಉರಿಯುವುದಿಲ್ಲ ಅಂತ ನನಗೂ ಮೋಹ. ಇಟ್ಟಿಗೆ ಮಾಡಿಕೊಡುವವನೊಬ್ಬ ಸಿಕ್ಕಿದ. ಹೆಸರು ಬೇಡ. ‘ಇಕೋ ಬ್ರಿಕ್ ಮೇಡಂ, ನೂರು ವರ್ಷ’ ಅಂದ. ಬಿಲ್ಲಿನಲ್ಲಿ ‘ಇಟ್ಟಿಗೆ, 4,000’ ಎಂದಷ್ಟೇ ಬರೆದುಕೊಟ್ಟ. ಊರಿನವರಿಗೆಲ್ಲ ಕರಾರು ಓದಿ ಹೇಳುವವಳು ನಾನು, ಆ ಬಿಲ್ಲನ್ನು ಮಡಚಿ ಪರ್ಸಿಗೆ ಹಾಕಿಕೊಂಡೆ. ಆಷಾಢದ ಮಳೆ ಪಡುವಣ ಗೋಡೆಗೆ ಹೊಡೆಯಿತು. ಹದಿನೈದು ದಿನಕ್ಕೆ ಇಟ್ಟಿಗೆಯ ಅಂಚು ಬೆರಳಿನಿಂದ ಉಜ್ಜಿದರೆ ಬೀಳುತ್ತಿತ್ತು. ನಮ್ಮ ಅಮ್ಮ ಒಳಗಿನಿಂದ ಗೋಡೆ ಮುಟ್ಟಿ, ‘ಇದೇನೇ, ಕಡುಬಿನ ಹಿಟ್ಟಿನ ಹಾಗಿದೆ’ ಅಂದರು. ಅವನು ಸಿಮೆಂಟ್ ಉಳಿಸಿದ್ದ, ನೀರು ಹಾಕಿ ಹದ ಮಾಡಲು ದಿನ ಕೊಟ್ಟಿರಲಿಲ್ಲ. ಆದರೆ ಸಾಬೀತು ಮಾಡಲು ನನ್ನ ಹತ್ತಿರ ಏನಿತ್ತು? ‘ಇಟ್ಟಿಗೆ, 4,000’.

ತಪ್ಪು ಮಣ್ಣಿನದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಆಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಶುರು ಮಾಡಿದರು. ಒತ್ತಿ ಮಾಡುವ ಈ ಮಣ್ಣಿನ ಇಟ್ಟಿಗೆಯ ಬಗ್ಗೆ ಅಲ್ಲಿ ವರ್ಷಗಟ್ಟಲೆ ಕೆಲಸ ನಡೆದಿದೆ. ಸರಿಯಾಗಿ ಮಾಡಿದರೆ ಗಟ್ಟಿ. ಮರಳಿನ ಅಂಶ ಇರುವ ಮಣ್ಣು ಬೇಕು, ಸಾಮಾನ್ಯವಾಗಿ 7-8% ಸಿಮೆಂಟ್ ಬೇಕು, ಮೂರು ನಾಲ್ಕು ವಾರ ಒದ್ದೆ ಇಟ್ಟು ಕ್ಯೂರಿಂಗ್ ಬೇಕು, ಮೇಲೆ ಸೂರು ಮುಂದಕ್ಕೆ ಚಾಚಿರಬೇಕು. ನಿಮ್ಮ ಕಡೆಯ ಮಳೆಗೆ ಸೂರು ಇನ್ನೂ ಮುಂದೆ ಬರಲಿ.

ಈಗ ನಿಮ್ಮ ಕರಾರು. ‘ಕಾರ್ಬನ್ ನ್ಯೂಟ್ರಲ್’, ಅಂದರೆ ಗಾಳಿಗೆ ಬಿಟ್ಟ ಇಂಗಾಲವನ್ನೆಲ್ಲ ಸರಿದೂಗಿಸಿದ್ದೇವೆ ಎಂಬ ಪದದ ಅಡಿಗೆ ಗೆರೆ ಎಳೆಯಿರಿ. ಅದನ್ನು ಯಾರು ಅಳೆಯುತ್ತಾರೆ, ಸಿಮೆಂಟಿನದು, ಕಬ್ಬಿಣದ್ದು, ಲಾರಿ ಬಾಡಿಗೆಯ ಡೀಸೆಲಿನದು ಯಾವ ಲೆಕ್ಕಕ್ಕೆ ಹೋಗುತ್ತದೆ ಅಂತ ಕಂಟ್ರಾಕ್ಟರನ್ನು ಕೇಳಿ. ಉತ್ತರ ಬಂದರೆ ಪದ ಇರಲಿ, ಆ ಉತ್ತರವೂ ಕರಾರಿಗೆ ಸೇರಲಿ. ಬರದಿದ್ದರೆ ಪದ ಹೋಗಲಿ. ಅದರ ಜಾಗದಲ್ಲಿ ಹೀಗೆ ಬರೆಸಿ: ಇಟ್ಟಿಗೆ ಮಣ್ಣಿನ ಇಟ್ಟಿಗೆಯ ಭಾರತೀಯ ಮಾನಕವಾದ ಐಎಸ್ 1725ಕ್ಕೆ ತಕ್ಕಂತೆ ಇರಬೇಕು. ಸಿಮೆಂಟ್ ಶೇಕಡಾ ಎಷ್ಟು ಎಂಬ ಅಂಕಿ. ಕ್ಯೂರಿಂಗ್ ಎಷ್ಟು ದಿನ. ಪ್ರತಿ ಲೋಡಿನಿಂದ ನೀವೇ ಆರಿಸಿದ ಇಟ್ಟಿಗೆಯನ್ನು ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿನಲ್ಲಿ ನೆನೆಸಿ ಪರೀಕ್ಷೆ ಮಾಡಿಸಬೇಕು, ಖರ್ಚು ಅವರದು. ಫೇಲಾದ ಲೋಡ್ ವಾಪಸ್, ಗೋಡೆ ಏರಿದ್ದರೆ ಕೆಡವಿ ಕಟ್ಟಿಕೊಡಬೇಕು. ಕೊನೆಯ ಕಂತಿನ ಹಣ ಒಂದು ಪೂರ್ತಿ ಮಳೆಗಾಲ ಕಳೆದ ಮೇಲೆ. ಈ ಕೊನೆಯ ಸಾಲಿಗೆ ಕಂಟ್ರಾಕ್ಟರ್ ಮುಖ ಸಣ್ಣದು ಮಾಡುತ್ತಾರೆ. ಆದರೂ ಬಿಡಬೇಡಿ, ಹತ್ತು ಪರ್ಸೆಂಟ್ ಆದರೂ ಹಿಡಿದುಕೊಳ್ಳಿ.

ಲ್ಯಾಬಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ಇಟ್ಟಿಗೆಯನ್ನು ಬಕೆಟ್ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಡಿ. ಬೆಳಗ್ಗೆ ಅಂಚು ಕರಗಿ ಬಕೆಟ್ಟಿನ ತಳದಲ್ಲಿ ಕೆಸರು ಕೂತಿದ್ದರೆ ಆ ಲೋಡ್ ಇಳಿಸಬೇಡಿ. ನಾನು ಆ ಬಕೆಟ್ ಇಟ್ಟದ್ದು ಗೋಡೆ ಬಿದ್ದ ಮೇಲೆ. ಈಗ ಪಡುವಣ ಗೋಡೆ ಮಾತ್ರ ಸುಟ್ಟ ಇಟ್ಟಿಗೆಯದು. ಬಂದವರು ‘ಡಿಸೈನಾ ಮೇಡಂ?’ ಅಂತ ಕೇಳುತ್ತಾರೆ. ಹೌದು ಅನ್ನುತ್ತೇನೆ.

ಮೇಷ್ಟ್ರೇ, ನಿಮ್ಮ ಬ್ರೋಷರನ್ನು ಸ್ಪೀಡ್ ಪೋಸ್ಟಿನಲ್ಲಿ ವಾಪಸ್ ಕಳಿಸಿದ್ದೇನೆ. ಮೂಲೆ ಸ್ವಲ್ಪ ಸುಕ್ಕಾಗಿದೆ, ಅದು ನಮ್ಮ ಗುಮಾಸ್ತನ ಕೆಲಸ. ಇನ್ನು ಮೇಲೆ ಯಾರಿಗೂ ಮೂಲ ಪ್ರತಿ ಕಳಿಸಬೇಡಿ, ನನಗೂ. ಜೆರಾಕ್ಸ್ ಸಾಕು, ಕಲರ್ ಜೆರಾಕ್ಸ್.